ತಪ್ಪೆಂದರೂ ಚಪ್ಪಾಳೆ

ನನ್ನ ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಮನೆ. ಬೇರೆಯವರ ಗಂಡಂದಿರಿಗೆ ಇಸ್ಪೀಟಿನದೋ ಕ್ರಿಕೆಟ್ಟಿನದೋ ಹುಚ್ಚಿದ್ದರೆ ನಮ್ಮವರಿಗೆ ಒಂದು ಲೆಕ್ಕದ ಹುಚ್ಚು. ಎರಡಕ್ಕಿಂತ ದೊಡ್ಡ ಯಾವ ಸಮಸಂಖ್ಯೆ ತೆಗೆದುಕೊಂಡರೂ ಅದು ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವಂತೆ. ಹತ್ತೆಂದರೆ ಮೂರು, ಏಳು. ಇಪ್ಪತ್ತೆಂದರೆ ಹದಿಮೂರು, ಏಳು. ಎಷ್ಟು ದೂರ ಹೋದರೂ ಹೀಗೇ ಎಂದು ಎಲ್ಲರಿಗೂ ಅನ್ನಿಸುತ್ತದೆ, ಆದರೆ ಸಾಧಿಸಿ ತೋರಿಸಲು ಯಾರಿಂದಲೂ ಆಗಿಲ್ಲ. "ಅಂಥಾ ಘಟಾನುಘಟಿಗಳಿಗೇ ಆಗದ್ದು ನಿಮಗ್ಯಾಕೆ ರೀ?" ಎಂದರೆ, "ಒಳಗೆ ಸಾರು ಉಕ್ತಾ ಇದೆ ನೋಡು" ಎಂದು ನನ್ನನ್ನೇ ಎಬ್ಬಿಸಿ ಕಳಿಸುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೇಸಿಗೆ ರಜೆಯಲ್ಲಿ, ಆಯಿತು, ಪ್ರೂಫ್ ಸಿಕ್ಕಿತು ಎಂದರು. ಆ ಮುಖ ನೋಡಿ ನನಗೂ ನಂಬಿಕೆ ಬಂತು. ಶಿವಮೊಗ್ಗದ ಸವಳಂಗ ರಸ್ತೆಯಲ್ಲೊಂದು ಸೈಬರ್ ಕೆಫೆ ಇತ್ತು. ನಾನು ಮದುವೆಗೆ ಮುಂಚೆ ಟೈಪಿಂಗ್ ಪಾಸು ಮಾಡಿದ್ದವಳು, ಹಾಗಾಗಿ ಇಬ್ಬರೂ ಹೋಗಿ ಕುಳಿತೆವು. ಅವರು ಹೇಳಿದರು, ನಾನು ಕುಟ್ಟಿದೆ. ಇಂಟರ್ನೆಟ್ಟಿನಲ್ಲಿ ಗಣಿತದವರು ಚರ್ಚೆ ಮಾಡುವ ಒಂದು ಜಾಗಕ್ಕೆ ಅದನ್ನು ಹಾಕಿದೆವು. ಎಲ್ಲಕ್ಕಿಂತ ಮೇಲೆ 'ಶ್ರೀ' ಎಂದು ಹಾಕಿಸಿದರು. ನಮ್ಮಲ್ಲಿ ದಿನಸಿ ಚೀಟಿಗೂ ಶ್ರೀಕಾರ ಇರುತ್ತದೆ, ಇದಕ್ಕೆ ಬೇಡವೆ?

ಮುಂದಿನ ಭಾನುವಾರ ಉತ್ತರ ನೋಡಲು ಹೊರಟಾಗ ಪಕ್ಕದ ಮನೆಯವರೂ ಜೊತೆಗೆ ಬಂದರು. ಅವರಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ, ನಮ್ಮ ಬೀದಿಯ ಸಂಘಕ್ಕೆ ಅಧ್ಯಕ್ಷರು ಬೇರೆ. ಪರದೆಯ ತುಂಬ ಉತ್ತರಗಳಿದ್ದವು. 'ಅಭಿನಂದನೆ, ಇನ್ನು ನಾವೆಲ್ಲ ಬೇರೆ ಕೆಲಸ ಹುಡುಕಿಕೊಳ್ಳಬಹುದು' ಎಂದು ಒಬ್ಬ. 'ಈ ವಾರ ಬಂದ ಪ್ರೂಫುಗಳಲ್ಲಿ ಇದೇ ಅತ್ಯಂತ ಸುಂದರ' ಎಂದು ಇನ್ನೊಬ್ಬ. 'ಮೊದಲ ಸಾಲಿನ ಶ್ರೀ ಒಂದೇ ಸರಿ ಇದೆ, ಅದನ್ನು ಅಲ್ಲಗಳೆಯಲು ನನ್ನಿಂದಾಗದು' ಎಂದು ಮತ್ತೊಬ್ಬ. ನಮ್ಮವರು ವಿದ್ಯಾರ್ಥಿಯ ಹಾಗೆ ಬಗ್ಗಿ ಒಂದೊಂದೇ ಓದಿದರು. ಅಧ್ಯಕ್ಷರು ಅವರ ಬೆನ್ನು ತಟ್ಟಿದರು. "ಮೇಷ್ಟ್ರೇ, ಫಾರಿನ್‌ನೋರೇ ಒಪ್ಕೊಂಡ್ರಲ್ಲ. ಇನ್ನೇನು ಬೇಕು?"

ಬಹುತೇಕ ಉತ್ತರಗಳ ಕೊನೆಗೆ ಎರಡು ಚುಕ್ಕಿ, ಒಂದು ಕಂಸ ಇತ್ತು. ಇದು ಗಣಿತದ ಗುರುತಾ ಎಂದು ಕೆಫೆಯವನನ್ನು ಕೇಳಿದೆ. "ಅಲ್ಲ ಅಕ್ಕ, ಕತ್ತು ವಾಲಿಸಿ ನೋಡಿ, ಅದು ನಗೋ ಮುಖ" ಎಂದ. ವಾಲಿಸಿ ನೋಡಿದೆ. ಪುಟದ ತುಂಬ ನಗುತ್ತಿದ್ದರು.

ಅಧ್ಯಕ್ಷರು ಅಂಗಡಿಗೆಂದು ಅಲ್ಲೇ ಉಳಿದರು. ಬಸ್ಸಿನಲ್ಲಿ ನಮ್ಮವರಿಗೆ ನಿಧಾನವಾಗಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ನಗಲಿ ಬಿಡು ಮಾರಾಯ್ತಿ. ಒಬ್ಬ ಮಾತ್ರ ನಗದೆ ಒಂದು ಸಾಲು ತೋರಿಸಿದ್ದಾನೆ. ಅದನ್ನ ನೋಡ್ಬೇಕು" ಎಂದರು. ಯಾವುದನ್ನು ಸಾಧಿಸಬೇಕೋ ಅದನ್ನೇ ಆ ಸಾಲಿನಲ್ಲಿ ನಿಜವೆಂದು ಮೊದಲೇ ಇಟ್ಟುಕೊಂಡಿದ್ದರಂತೆ. ಅದು ತಮಗೇ ಖಚಿತವಾಗುವ ಹೊತ್ತಿಗೆ ಅಧ್ಯಕ್ಷರು ಸುಮ್ಮನಿದ್ದಾರೆಯೆ? ಸನ್ಮಾನಕ್ಕೆ ಶಾಮಿಯಾನ ಎದ್ದಿತ್ತು. ಅಧ್ಯಕ್ಷರನ್ನು ಕರೆದು ಬೇಡವೆಂದು ಹೇಳಿ ಎಂದು ಗೋಗರೆದೆ. "ಊರಿಗೆಲ್ಲ ಗೊತ್ತಾಗಿದೆ. ತಪ್ಪು ಅನ್ನೋದೂ ಊರೆದುರಿಗೇ ಗೊತ್ತಾಗ್ಲಿ. ಅಲ್ಲೇ ಹೇಳ್ತೀನಿ" ಎಂದರು. ಮೇಷ್ಟ್ರಲ್ಲವೆ, ತಪ್ಪು ಉತ್ತರವನ್ನು ಬೋರ್ಡಿನ ಮೇಲೆ ಬಿಟ್ಟು ಹೋಗುವ ಜಾಯಮಾನ ಅವರದ್ದಲ್ಲ.

ಪೇಟ ಇಟ್ಟರು, ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ತಟ್ಟೆ ಕೈಗಿತ್ತರು. ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ನಮ್ಮವರು ಮೈಕಿನ ಮುಂದೆ ನಿಂತರು. "ಈ ಸನ್ಮಾನಕ್ಕೆ ನಾನು ಅರ್ಹನಲ್ಲ. ನಾನು ಏನನ್ನೂ ಸಾಧಿಸಿಲ್ಲ" ಎಂದರು.

ಚಪ್ಪಾಳೆ ಬಿತ್ತು. ನಮ್ಮ ಕಡೆ ಶಾಲು ಹೊದ್ದವರೆಲ್ಲ ಆಡುವ ಮಾತೇ ಅದು. ಹಾಗೆ ಅನ್ನದಿದ್ದರೆ ಜಂಬ ಎನ್ನುತ್ತಾರೆ.

"ಇದು ವಿನಯ ಅಲ್ಲ. ನನ್ನ ಪ್ರೂಫ್ ತಪ್ಪು. ನಿಜವಾಗ್ಲೂ ತಪ್ಪು" ಎಂದರು. ಅಧ್ಯಕ್ಷರು ಪ್ರೀತಿಯಿಂದಲೇ ಅವರ ಹೆಗಲ ಮೇಲೆ ಕೈ ಹಾಕಿ ಮೈಕು ತೆಗೆದುಕೊಂಡರು. "ನೋಡಿದ್ರಾ? ತುಂಬಿದ ಕೊಡ ತುಳುಕೋದಿಲ್ಲ ಅನ್ನೋದು ಇದಕ್ಕೇ." ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಮ್ಮವರು ಇನ್ನೊಮ್ಮೆ ಬಾಯಿ ತೆರೆದರು, ಏನೂ ಕೇಳಿಸಲಿಲ್ಲ. ಎದ್ದು ಹೋಗಿ ಆ ಮೈಕು ಕಿತ್ತುಕೊಳ್ಳಬೇಕು ಅನ್ನಿಸಿತ್ತು ನನಗೆ. ಯಾರ ಮೇಲೆ ಹರಿಹಾಯಲಿ? ಎಲ್ಲರೂ ಒಳ್ಳೆಯವರೇ.

ಮನೆಗೆ ಬಂದು ಪೇಟ ತೆಗೆದು ಮೇಜಿನ ಮೇಲಿಟ್ಟು ಕುಳಿತರು. ಕಾಫಿ ತಂದುಕೊಟ್ಟೆ, ಮುಟ್ಟಲಿಲ್ಲ.

"ಅಲ್ಲಿ ನಕ್ಕರಲ್ಲ, ಅವರೇ ವಾಸಿ ಕಣೇ. ಅವರು ಓದಿ ನಕ್ಕಿದ್ರು" ಎಂದರು.

ಆರಿದ ಕಾಫಿಯನ್ನು ಪಕ್ಕಕ್ಕೆ ಸರಿಸಿ ಎದುರಿಗೆ ಕುಳಿತೆ.

"ನೀನೊಬ್ಬಳು ಚಪ್ಪಾಳೆ ತಟ್ಟಲಿಲ್ಲ. ನೋಡ್ದೆ."

"ನನಗೆ ನಿಮ್ಮ ಪ್ರೂಫೂ ಅರ್ಥ ಆಗಿಲ್ಲ, ತಪ್ಪು ಎಲ್ಲಿದೆ ಅಂತಾನೂ ಗೊತ್ತಿಲ್ಲ. ನೀವು ತಪ್ಪು ಅಂದ್ರಿ. ನಂಬಿದೆ" ಎಂದೆ.

"ಸಾಕು" ಎಂದು ನನ್ನ ಎರಡೂ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತರು.