ನನ್ನ ಕಾರ್ಡಿಗೆ ಹುಟ್ಟಿದ ಅವಳಿ

ನನ್ನ ಕ್ರೆಡಿಟ್ ಕಾರ್ಡಿನಲ್ಲಿ ಏನು ಕೊಂಡರೂ ಹತ್ತು ಪರ್ಸೆಂಟ್ ರಿಯಾಯಿತಿ. ಹಾಗಾಗಿ ವೈಟ್‌ಫೀಲ್ಡಿನ ನಮ್ಮ ಆಫೀಸಿಗೆ ಅದು ಊರಬಾವಿ ಇದ್ದಹಾಗೆ. “ಗುರು, ಓಟಿಪಿ ಹೇಳು” ಅಂತ ಎಲ್ಲರೂ ಅದರಲ್ಲೇ ಸಾಮಾನು ತರಿಸಿ, ದುಡ್ಡು ಆಮೇಲೆ ನನಗೆ ಕಳಿಸುತ್ತಾರೆ.

ಹೋದ ತಿಂಗಳು ಮನೆಖರ್ಚಿನ ಲೆಕ್ಕಕ್ಕೆ ಒಂದು ಸಾಫ್ಟ್‌ವೇರ್ ಹಾಕಿಕೊಂಡೆ. ಕಾರ್ಡಿನ ಸ್ಟೇಟ್‌ಮೆಂಟ್ ಇಂಪೋರ್ಟ್ ಮಾಡಿದರೆ ಒಂದೊಂದು ಖರ್ಚೂ ಎರಡೆರಡು ಸಲ ಬಂತು. ಅವತ್ತು ಮನೆಯಿಂದಲೇ ಕೆಲಸ. ಫೋನ್ ಸ್ಪೀಕರಿಗೆ ಹಾಕಿ ಅವರ ಕಸ್ಟಮರ್ ಕೇರಿಗೆ ಮಾಡಿದೆ. ಸ್ಕ್ರೀನ್ ಶೇರ್ ಮಾಡಿಸಿಕೊಂಡು ನೋಡಿದ ಅಲ್ಲಿಯ ಹುಡುಗಿ ಬಲು ನಯವಾಗಿ ಹೇಳಿದಳು:

“ಡಬಲ್ ಏನಾಗಿಲ್ಲ ಸಾರ್. ಡೈಪರ್ ಎರಡು, ಹಾಲಿನ ಬಾಟ್ಲಿ ಎರಡು. ನಿಮ್ಗೆ ಅವಳಿ ಮಕ್ಕಳಲ್ವಾ?”

“ರೀ, ನಂಗಿನ್ನೂ ಮದುವೇನೇ ಆಗಿಲ್ಲ!”

“ಸಾರಿ ಸಾರ್. ಅದು ನಿಮ್ಮ ಪರ್ಸನಲ್.”

ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮನ ಕೈ ನಿಂತಿತು. ಡೈಪರ್ ನಮ್ಮ ಟೀಮಿನ ಮಂಜನ ಮಗುವಿನದು, ಒಂದೇ ಫೈಲನ್ನು ನಾನೇ ಅವಸರದಲ್ಲಿ ಎರಡು ಸಲ ಹಾಕಿದ್ದೆ ಅಂತ ಅಮ್ಮನನ್ನು ಒಪ್ಪಿಸುವಷ್ಟರಲ್ಲಿ ಬೆವತುಹೋದೆ.

ಅಮ್ಮ ಎಲ್ಲ ಕೇಳಿಸಿಕೊಂಡು, ಮತ್ತೆ ಅವರೆಕಾಯಿಗೆ ಕೈಹಾಕಿದಳು.

“ಇರ್ಲಿ ಬಿಡು. ಆ ಹತ್ತು ಪರ್ಸೆಂಟು ತಾಳಿಗೂ ಸಿಗತ್ತೇನೋ?”