ಸಮುದ್ರದಲ್ಲಿ ನಿಂತ ಆನೆ

ಸುಂಟಿಕೊಪ್ಪದ ನೀಲಾವತಿ ಹದಿನೆಂಟು ವರ್ಷ ಟೈಪಿಂಗ್ ಕಲಿಸಿದವರು. ಟೈಪಿಂಗ್ ಕೇಳುವವರೇ ಇಲ್ಲವಾದಾಗ, ನಲವತ್ತೆರಡನೆಯ ವಯಸ್ಸಿನಲ್ಲಿ, ತಾವಾಗಿಯೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತರು. ಅದರಲ್ಲಿ ಅವರು ಕಟ್ಟಿದ್ದು ಒಂದೇ ವೆಬ್‌ಸೈಟ್: ಆನೆಗಳು ಇವತ್ತು ಯಾವ ತೋಟದಲ್ಲಿವೆ ಎಂದು ನಕ್ಷೆಯಲ್ಲಿ ತೋರಿಸುವಂಥದು. ತೋಟದ ಲೈನ್ ಮನೆಗಳಲ್ಲಿ ವಾಸಿಸುವ ಕಾರ್ಮಿಕರು ಬೆಳಿಗ್ಗೆ ಅದನ್ನು ನೋಡದೆ ಕೆಲಸಕ್ಕೆ ಹೊರಡುತ್ತಿರಲಿಲ್ಲ.

ಕಾಫಿ ಪಿಕಿಂಗ್ ಶುರುವಾಗಲು ಹದಿನೈದು ದಿನವಿದ್ದಾಗ ಸೈಟನ್ನು ಇರಿಸಿದ್ದ ಸರ್ವರ್ ಕಂಪನಿಯಿಂದ ಪತ್ರ ಬಂತು. ಹಳೆಯ ಪೈಥಾನ್ ಇನ್ನು ನಡೆಯುವುದಿಲ್ಲ, ಹೊಸದಕ್ಕೆ ಬನ್ನಿ ಎಂದು. ಹೊಸ ಪೈಥಾನ್‌ಗೆ ಸೈಟಿನ ಚೌಕಟ್ಟಾದ ಹಳೆಯ ಜಾಂಗೋ ಹೊಂದದು. ಜಾಂಗೋ ಬದಲಿಸಿದರೆ ಅದಕ್ಕೆ ಜೋಡಿಸಿದ್ದ ಏಳು ಆಡ್-ಆನ್‌ಗಳೂ, ಅಂದರೆ ಬೇರೆಯವರು ಬರೆದ ಪುಟ್ಟ ಪ್ರೋಗ್ರಾಂಗಳೂ, ಹೊಂದಿಕೊಳ್ಳಬೇಕು.

ಬೆಳೆಗಾರರ ಸಂಘದ ಪೊನ್ನಪ್ಪ, ಯಾವುದಾದರೂ ಕಂಪನಿಗೆ ಕೊಟ್ಟು ಹೊಸದಾಗಿಯೇ ಮಾಡಿಸೋಣ, ಮೂರು ತಿಂಗಳಾಗಬಹುದು ಎಂದರು.

"ಮೂರು ತಿಂಗಳು ಆನೆ ಕಾಯಲ್ಲ ಪೊನ್ನಪ್ಪಣ್ಣ. ಹತ್ತು ದಿನ ನಂಗೆ ಬಿಡಿ" ಎಂದರು ನೀಲಾವತಿ.

ಅವರು ಒಂದೇ ಸಲಕ್ಕೆ ಜಿಗಿಯಲಿಲ್ಲ. ಹಳೆಯ ಪೈಥಾನ್‌ಗೂ ಹೊಸದಕ್ಕೂ ಒಗ್ಗುವ ನಡುವಿನ ಜಾಂಗೋವೊಂದನ್ನು ಹುಡುಕಿ ಮೊದಲು ಸೈಟನ್ನು ಅದಕ್ಕೆ ಹೊಂದಿಸಿದರು. ಆಮೇಲೆ ಪೈಥಾನ್ ಬದಲಿಸಿದರು. ಆರು ಆಡ್-ಆನ್‌ಗಳಿಗೆ ಹೊಸ ಆವೃತ್ತಿ ಸಿಕ್ಕಿತು. ನಕ್ಷೆ ಬರೆಯುವ ಏಳನೆಯದನ್ನು ಮಾತ್ರ ಅದರ ಕರ್ತೃ ನಾಲ್ಕು ವರ್ಷದಿಂದ ಮುಟ್ಟಿರಲಿಲ್ಲ. ಅವನಿಗೆ ಬರೆದ ಪತ್ರಕ್ಕೆ ಉತ್ತರವೂ ಇಲ್ಲ. ನೀಲಾವತಿ ಆ ಆಡ್-ಆನ್‌ನ ಒಳಗೇ ಕೈ ಹಾಕಿದರು. ಹೊಸ ಪೈಥಾನ್ ಕೈಬಿಟ್ಟಿದ್ದ ಭಾಗಗಳನ್ನು ಕಿತ್ತು ಬೇರೆ ಬರೆದರು. ಎಂಟನೆಯ ದಿನ ನಕ್ಷೆ ತೆರೆದುಕೊಂಡಿತು.

ಆನೆ ಕಂಡ ಜಾಗವನ್ನು ಸೈಟಿಗೆ ಕಳಿಸುವ ಕಾವಲುಗಾರ, ದೊಡ್ಡಿ ಎಂಬಾತ, ಫೋನ್ ಮಾಡಿದ. "ಅಕ್ಕಾ, ನಾ ನೋಡಿದ ಆನೆ ಹೊಳೆ ಬದಿಯಲ್ಲಿತ್ತು. ಇದ್ರಲ್ಲಿ ಎಲ್ಲೋ ಸಮುದ್ರದಲ್ಲಿದೆ."

ನಿಜ, ನಕ್ಷೆಯಲ್ಲಿ ಆನೆ ಉತ್ತರ ಧ್ರುವದ ಹತ್ತಿರ ನಿಂತಿತ್ತು. ನೀಲಾವತಿಗೆ ಅಳುವೇ ಬಂತು. ಮರುದಿನವೆಲ್ಲ ಸಾಲು ಸಾಲು ಓದಿದ ಮೇಲೆ ಗುಟ್ಟು ಹೊಳೆಯಿತು: ಜಾಗದ ಲೆಕ್ಕ ಇಡುವ ಇನ್ನೊಂದು ಆಡ್-ಆನ್‌ನ ಹಳೆಯ ಆವೃತ್ತಿ ರೇಖಾಂಶವನ್ನು ಮೊದಲು ಓದುತ್ತಿತ್ತು, ಹೊಸದು ಅಕ್ಷಾಂಶವನ್ನು. ಎರಡನ್ನೂ ಅದಲುಬದಲು ಮಾಡಿದರು. ಆನೆ ಹೊಳೆ ಬದಿಗೆ ಬಂತು.

ಪಿಕಿಂಗ್‌ನ ಮೊದಲ ದಿನವೇ ಮೂರು ಆನೆಗಳು ಒಂದು ತೋಟದೊಳಗಿದ್ದವು. ನಕ್ಷೆ ನೋಡಿದ ಕಾರ್ಮಿಕರು ಬೇರೆ ಕಡೆ ಹಣ್ಣು ಕೊಯ್ದು ಸಂಜೆ ಕ್ಷೇಮವಾಗಿ ಮರಳಿದರು. ಅದೇ ವಾರ ನಕ್ಷೆಯ ಆಡ್-ಆನ್‌ನ ಕರ್ತೃ ಉತ್ತರಿಸಿ, ನೀಲಾವತಿ ಕಳಿಸಿದ್ದ ತಿದ್ದುಪಡಿಯನ್ನು ಅವರ ಹೆಸರಿನೊಂದಿಗೇ ಹೊಸ ಆವೃತ್ತಿಗೆ ಸೇರಿಸಿದ.

ಇದನ್ನು ಯಾವ ಕಂಪನಿ ಮಾಡಿತೆಂದು ಕುಟ್ಟ ಊರಿನ ಬೆಳೆಗಾರರು ಕೇಳುತ್ತಿದ್ದಾರೆ, ಏನು ಹೇಳಲಿ ಎಂದರು ಪೊನ್ನಪ್ಪ.

"ನೀಲಾವತಿ ಅಂತ ಹೇಳಿ."