ಬ್ರಿಯೋನಿಯ ವಿಡಿಯೊದಲ್ಲಿ ಅಜ್ಜಿ

"ಅಜ್ಜಿ, ನನ್ನ ಹಾಡಿನ ವಿಡಿಯೊನ ಕ್ಲಾಸಲ್ಲಿ ತೋರಿಸ್ದೆ. ಅರ್ಧ ಜನ ನಿದ್ದೆ ಬರತ್ತೆ ಅಂದ್ರು, ಅರ್ಧ ಜನ ತಲೆ ತಿರುಗತ್ತೆ ಅಂದ್ರು. ಯಾರ ಮಾತು ಕೇಳ್ಲಿ? ಎಲ್ಲರೂ ಒಪ್ಪಿದ್ದು ಒಂದನ್ನೇ. ಹಾಡಲ್ಲಿ ಈ ಕಡೆ ಹುಡುಗಿ ಅಳ್ತಿದ್ರೆ, ಹಿಂದೆ ಒಬ್ಬ ಮುದುಕಿ ತನ್ನ ಪಾಡಿಗೆ ಬಟ್ಟೆ ಒಣಹಾಕ್ತಾಳಲ್ಲ, ಅದು ಚೆನ್ನಾಗಿದೆಯಂತೆ. ಅದು ನೀನು. ಗೊತ್ತಿಲ್ದೆ ಕ್ಯಾಮೆರಾಗೆ ಸಿಕ್ಕಿದ್ದೀಯ."

ಹೀಗೆಂದ ಬ್ರಿಯೋನಿ ಇಂಗ್ಲೆಂಡಿನ ಗ್ರಿಮ್ಸ್‌ಬಿ ಊರಿನವಳು; ಮರುದಿನವೇ ಕಾಲೇಜಿಗೆ ವಿಡಿಯೊ ಒಪ್ಪಿಸಬೇಕಿತ್ತು. ವರ್ಷದ ಅಂಕ ಅದರ ಮೇಲೆಯೇ ನಿಂತಿತ್ತು.

"ಹಳೇ ಏಪ್ರನ್ನಲ್ಲಿದ್ದೆನೇನೇ?" ಅಜ್ಜಿ ಡೋರಿನ್ ಕೇಳಿದಳು. "ಒಳ್ಳೇ ಕೋಟು ಹಾಕ್ಕೊಂಡು ಬರ್ತೀನಿ, ಇನ್ನೊಂದ್ಸಲ ಶೂಟ್ ಮಾಡು."

"ಬೇಡ. ನೀನು ಕ್ಯಾಮೆರಾಗೆ ಹಲ್ಲು ಕಿರೀತೀಯ."

ಕೊನೆಗೆ ಬ್ರಿಯೋನಿ ಅಜ್ಜಿಯನ್ನು ಹಾಗೇ ಉಳಿಸಿ, ಹುಡುಗಿಯ ಅಳುವನ್ನೇ ಅರ್ಧಕ್ಕೆ ಕತ್ತರಿಸಿದಳು. ಮಾಡಿದ್ದು ಸರಿಯೋ ತಪ್ಪೋ ತಿಳಿಯದೆ, ಸಿಂಕಿನಲ್ಲಿದ್ದ ತಟ್ಟೆಗಳನ್ನು ತೊಳೆಯತೊಡಗಿದಳು.